ಬಾಬಾ ಬರೆದ ಕೋಟೆಗಳು

ಡಿಸೆಂಬರ್ 3, ಮಂಗಳವಾರ. ಅಲಿಬಾಗ್

ಈ ಡೈರಿಯನ್ನು ಔಷಧದ ಅಂಗಡಿಯವನು ವರ್ಷದ ಮೊದಲಲ್ಲಿ ಪುಕ್ಕಟೆ ಕೊಟ್ಟಿದ್ದ. ಇಷ್ಟು ತಿಂಗಳು ಖಾಲಿ ಬಿದ್ದಿತ್ತು. ಇವತ್ತು ಬರೆಯುತ್ತಿರುವುದು ಅಪ್ಪನ ಮೇಲೆ, ನಮ್ಮ ಬಾಬಾ ಮೇಲೆ ಸಿಟ್ಟು ಬಂದಿರುವುದರಿಂದ. ಆ ಸಿಟ್ಟನ್ನು ಅವರೆದುರು ತೋರಿಸುವುದಿಲ್ಲ ಎಂದು ಆಯಿ ನನ್ನಿಂದ ಆಣೆ ಹಾಕಿಸಿಕೊಂಡಿದ್ದಾಳೆ.

ನಿನ್ನೆ ಮುಂಬಯಿಯಲ್ಲಿ ಡಯಾಲಿಸಿಸ್ ಮುಗಿಯಿತು. ಇವತ್ತು ಬೆಳಗ್ಗೆ ಮಾವನ ಹಳೆಯ ವ್ಯಾನಿನಲ್ಲಿ ನಾವಿಬ್ಬರೇ ಹೊರಟೆವು. ಹೆದ್ದಾರಿ ಹಿಡಿದಿದ್ದರೆ ಸಂಜೆಗೆ ಊರು ಸಿಗುತ್ತಿತ್ತು. ಬಾಬಾ ಒಪ್ಪಲಿಲ್ಲ. ಸಮುದ್ರದ ಅಂಚಿನ ದಾರಿಯಲ್ಲೇ ಹೋಗಬೇಕು, ಕೋಟೆ ಬಂದಲ್ಲೆಲ್ಲ ನಿಲ್ಲಬೇಕು. ಮೂವತ್ತು ವರ್ಷ ಅವರು ಪರೇಲ್, ಲಾಲಬಾಗ್, ದಾದರಿನ ಮಾಲ್ವಣಿ ಹೋಟೆಲುಗಳ ಗೋಡೆಯ ಮೇಲೆ ಈ ಕೋಟೆಗಳನ್ನೇ ಬರೆದರು. ಕ್ಯಾಲೆಂಡರ್ ನೋಡಿಕೊಂಡು ಬರೆದದ್ದು. ಕಣ್ಣಾರೆ ಒಂದನ್ನೂ ನೋಡಿಲ್ಲ. ಈಗ ನೋಡಬೇಕಂತೆ, ಈಗ ಅಂದರೆ ಬೆಳಕು ಮತ್ತು ನೆರಳು ಬಿಟ್ಟು ಬೇರೇನೂ ಕಾಣದಿರುವಾಗ. ಸಕ್ಕರೆ ಕಾಯಿಲೆ ಮೊದಲು ಕಣ್ಣು ತಿಂದಿತು, ಆಮೇಲೆ ಕಿಡ್ನಿಗೆ ಬಾಯಿ ಹಾಕಿತು.

ನನ್ನ ಕಿಡ್ನಿ ಅವರಿಗೆ ಹೊಂದುತ್ತದೆ. ಆಯಿಯದು ಹೊಂದಲಿಲ್ಲ. ಪರೀಕ್ಷೆ, ಕಾಗದಪತ್ರ ಎಲ್ಲ ಮುಗಿದಿವೆ. ಬಾಬಾ ಹೂಂ ಅನ್ನುವುದೊಂದೇ ಬಾಕಿ. "ಮೀಸೆ ಸರಿಯಾಗಿ ಬಾರದ ಹುಡುಗನ ಹೊಟ್ಟೆ ಕೊಯ್ಸಿ ನಾನು ಬದುಕೋದಾ" ಎಂದು ಕೂತುಬಿಟ್ಟಿದ್ದರು. ಕೊನೆಗೆ ಆಯಿ ಊರ ದೇವರನ್ನು ನಡುವೆ ತಂದಳು. ನಮ್ಮ ಊರಿನ ರವಳನಾಥನ ಮುಂದೆ ಕೌಲ ಕೇಳುವುದು. ದೇವರ ಕಲ್ಲಿನ ಎರಡೂ ಭುಜಕ್ಕೆ ಒದ್ದೆ ಹೂವಿನ ಎಸಳು ಅಂಟಿಸುತ್ತಾರೆ. ಬಲದ್ದು ಉದುರಿದರೆ ಆಗಲಿ, ಎಡದ್ದು ಉದುರಿದರೆ ಬೇಡ. ಅಲ್ಲಿ ಬಂದ ಉತ್ತರಕ್ಕೆ ಇಬ್ಬರೂ ತಲೆಬಾಗಬೇಕು. ಇದಕ್ಕೆ ಬಾಬಾ ಒಪ್ಪಿದರು.

ಅಲಿಬಾಗಿನಲ್ಲಿ ಕೋಟೆ ನೀರಿನ ನಡುವೆ ಇದೆ. ಇಳಿತದ ಹೊತ್ತಿಗೆ ಕುದುರೆ ಗಾಡಿ ಹೋಗುತ್ತದೆ. ಬಾಬಾರನ್ನು ಎತ್ತಿ ಕೂರಿಸಿದೆ.

"ಏನು ಕಾಣ್ತದೆ, ಹೇಳು."

"ಗೋಡೆ."

"ಎಂಥ ಗೋಡೆ?"

"ಕಲ್ಲಿನ ಗೋಡೆ. ಬುಡದಲ್ಲಿ ಪಾಚಿ. ಚಿಪ್ಸ್ ಪೊಟ್ಟಣಗಳು."

"ಬಾವುಟ?"

"ಇಲ್ಲ."

"ನಾನು ಯಾವಾಗಲೂ ಬಾವುಟ ಬರೀತಿದ್ದೆ."

"ನೀವು ಬರೆದ್ರೆ ಇಲ್ಲಿ ಹಾರುತ್ತಾ?"

ಗಾಡಿಯವನು ಹಿಂದೆ ತಿರುಗಿ, "ದಾದಾ, ನಿಮ್ಮ ಮಗನನ್ನ ಗೈಡ್ ಕೆಲಸಕ್ಕೆ ಮಾತ್ರ ಸೇರಿಸಬೇಡಿ. ನನ್ನ ಕುದುರೆ ಉಪವಾಸ ಬೀಳ್ತದೆ" ಎಂದ.

"ಇವನು ನಮ್ಮನೆ ಕೋರ್ಟು ಕಣಪ್ಪ. ತೀರ್ಪು ಕೊಡೋದು ಬಿಟ್ರೆ ಬೇರೆ ಮಾತು ಬರಲ್ಲ" ಎಂದರು ಬಾಬಾ.

ಇಬ್ಬರೂ ನಕ್ಕರು. ಇದ್ದದ್ದನ್ನು ಹೇಳಿದ್ದಕ್ಕೆ ಯಾಕೆ ನಗಬೇಕೋ ತಿಳಿಯಲಿಲ್ಲ.

ಡಿಸೆಂಬರ್ 4, ಬುಧವಾರ. ಗುಹಾಗರ್

ಬೆಳಗ್ಗೆ ರಾಜಪುರಿಯ ದೋಣಿ ದಕ್ಕೆಯಲ್ಲಿ ನಿಂತು ಜಂಜಿರಾ ಕೋಟೆ ನೋಡಿದೆವು. ಅಂದರೆ ನಾನು ನೋಡಿದೆ. ಬಾಬಾ ಮೀನಿನ ಬುಟ್ಟಿಯೊಂದನ್ನು ಬೋರಲು ಹಾಕಿಕೊಂಡು ಅದರ ಮೇಲೆ ಕೂತಿದ್ದರು.

"ಬಾಗಿಲು ಹೇಗಿದೆ?"

"ಬಾಗಿಲು ಕಾಣಲ್ಲ. ಸುತ್ತ ಗೋಡೆ ಅಷ್ಟೇ."

"ಸರಿಯಾಗಿ ನೋಡೋ. ಇಷ್ಟು ದೊಡ್ಡ ಕೋಟೆಗೆ ಬಾಗಿಲು ಇರಲ್ವಾ?"

ಪಕ್ಕದಲ್ಲಿ ಬಲೆ ಹೆಣೆಯುತ್ತಿದ್ದ ಮುದುಕ, "ಹುಡುಗ ಹೇಳೋದು ಸರಿ. ದೋಣಿ ಗೋಡೆಗೆ ತಾಗೋವರೆಗೂ ಬಾಗಿಲು ಕಾಣಲ್ಲ. ಹಾಗೇ ಕಟ್ಟಿದ್ದು, ವೈರಿಗೆ ಗೊತ್ತಾಗಬಾರದು ಅಂತ" ಎಂದ.

ಬಾಬಾ ಬುಟ್ಟಿಯ ಅಂಚನ್ನು ಬೆರಳಿನಿಂದ ಸವರಿದರು. ಆಮೇಲೆ, "ಮುಂಬಯಿ ತುಂಬ ಬಾಗಿಲು ಬರೆದಿಟ್ಟಿದ್ದೀನಿ. ಎದುರಿಗೇ, ದೊಡ್ಡದಾಗಿ, ಆನೆ ಹೋಗೋ ಹಾಗೆ" ಎಂದರು.

"ಎಲ್ಲ ತಪ್ಪು" ಎಂದೆ.

"ಹೂಂ, ಎಲ್ಲ ತಪ್ಪು."

ದಿಘಿಗೆ ವಾಹನಗಳನ್ನು ದಾಟಿಸುವ ಜಂಗಾಲಿನಲ್ಲಿ ಬಾಬಾ ವ್ಯಾನಿನಿಂದ ಇಳಿಯಲು ಒಪ್ಪಲಿಲ್ಲ. ಹರಿಹರೇಶ್ವರದಲ್ಲಿ ದೇವಸ್ಥಾನದ ಹಿಂದೆ ಬಂಡೆಯ ಮೇಲೆ ತೆರೆ ಒಡೆಯುವ ಸದ್ದು ಕೇಳಿಸಿದಾಗ ಸ್ವಲ್ಪ ಗೆಲುವಾದರು. ಎಳನೀರಿನವನು ಕತ್ತಿಯಿಂದ ಕಾಯಿ ಕೆತ್ತುವ ಸದ್ದೂ ಕೇಳಿಸಿತು. ಬಾಬಾ ತಲೆ ಆ ಕಡೆ ತಿರುಗಿತು. ಕಿಡ್ನಿ ಸೋತ ಅವರಿಗೆ ಎಳನೀರು ವಿಷ. ಇಡೀ ದಿನಕ್ಕೆ ಕುಡಿಯುವ ನೀರು ಒಂದೇ ಬಾಟಲಿ, ಅದು ನನ್ನ ಕೈಯಲ್ಲಿರುತ್ತದೆ. ಎಡಕ್ಕೆ ಸಮುದ್ರ, ಬಲಕ್ಕೆ ತೆಂಗಿನ ತೋಟ, ನಡುವೆ ಬಾಯಾರಿ ಕೂತ ಮನುಷ್ಯ. ಹೀಗೆ ಬರೆದರೆ ಕನಿಕರ ಬಂದಂತೆ ಕಾಣುತ್ತದೆ. ಬಂದದ್ದು ಕನಿಕರವಲ್ಲ, ಸುಸ್ತು.

ತಪ್ಪು ಬರೆದೆ. ದಕ್ಷಿಣಕ್ಕೆ ಹೋಗುವಾಗ ಸಮುದ್ರ ಇರುವುದು ಬಲಕ್ಕೆ.

ಡಿಸೆಂಬರ್ 5, ಗುರುವಾರ. ರತ್ನಾಗಿರಿ

ಇವತ್ತು ಡಯಾಲಿಸಿಸ್. ದಾಖಲಿಸಿಕೊಳ್ಳುವ ನರ್ಸಮ್ಮ, "ಪಥ್ಯ ಸರಿಯಾಗಿ ಮಾಡಿದ್ದಾರಾ?" ಎಂದು ಕೇಳಿದರು. ಬಾಬಾ ಹೌದು ಎಂದರು. ನಾನು, "ಇಲ್ಲ, ನಿನ್ನೆ ಗುಹಾಗರದ ಖಾನಾವಳಿಯಲ್ಲಿ ಒಂದು ಲೋಟ ಸೋಲ್‌ಕಢಿ ಕುಡಿದಿದ್ದಾರೆ" ಎಂದೆ. ಅದರಲ್ಲಿ ತೆಂಗಿನ ಹಾಲು ಇರುತ್ತದೆ, ಹೇಳಲೇಬೇಕಾದದ್ದು. ನರ್ಸಮ್ಮ ಬಾಬಾರನ್ನು ಚಿಕ್ಕ ಮಕ್ಕಳನ್ನು ಬೈಯುವಂತೆ ಬೈದರು. ಅಕ್ಕಪಕ್ಕದ ಹಾಸಿಗೆಯವರೆಲ್ಲ ನೋಡಿದರು.

ಹೊರಗೆ ಬಂದ ಮೇಲೆ ಬಾಬಾ, "ಆ ಮೇಷ್ಟ್ರಿಗೆ ಮಾಡಿದ್ದನ್ನೇ ನನಗೂ ಮಾಡ್ತೀಯಲ್ಲೋ" ಎಂದರು.

ಹತ್ತನೇ ತರಗತಿಯ ಪರೀಕ್ಷೆಯಲ್ಲಿ ನಮ್ಮ ಗಣಿತದ ಮೇಷ್ಟರು ಉತ್ತರಗಳನ್ನು ಬೋರ್ಡಿನ ಮೇಲೆ ಬರೆದುಕೊಟ್ಟಿದ್ದರು. ತಪಾಸಣೆಗೆ ಬಂದವರು ಕೇಳಿದಾಗ ಇಡೀ ತರಗತಿ ಇಲ್ಲ ಎಂದಿತು, ನಾನು ಹೌದು ಎಂದೆ. ಮೇಷ್ಟರ ಕೆಲಸ ಹೋಯಿತು. ಆಮೇಲೆ ಯಾರೂ ನನ್ನ ಬೆಂಚಿನಲ್ಲಿ ಕೂರಲಿಲ್ಲ. ನಾನು ಶಾಲೆಗೆ ಹೋಗುವುದನ್ನು ನಿಲ್ಲಿಸಿದೆ. ಅಂದಿನಿಂದ ಟೆಂಪೊ, ಕೊರಿಯರ್, ಮಂಟಪ ಕಟ್ಟುವುದು, ಯಾವುದರಲ್ಲೂ ಹೆಚ್ಚು ದಿನ ನಿಂತಿಲ್ಲ. ಇವತ್ತು ಕೇಳಿದರೂ ಹೌದು ಎಂದೇ ಹೇಳುತ್ತೇನೆ.

ಅದನ್ನು ಬಾಬಾಗೆ ಹೇಳಿದೆ. ಅವರು, "ಗೊತ್ತು. ಅದಕ್ಕೇ ನಿನ್ನನ್ನ ಕರ್ಕೊಂಡು ಬಂದದ್ದು" ಎಂದರು.

ಆಯಿ ಫೋನ್ ಮಾಡಿದಳು. ಸೋಲ್‌ಕಢಿಯ ವಿಷಯ ಅವಳಿಗೂ ಹೇಳಿದೆ. ಅತ್ತಳು.

ಡಿಸೆಂಬರ್ 6, ಶುಕ್ರವಾರ. ವಿಜಯದುರ್ಗ

ಬಾಬಾ ಇವತ್ತು ಏನನ್ನೂ ಕೇಳಲಿಲ್ಲ. ಕೋಟೆಯ ಬುರುಜಿನ ಮೇಲೆ ಕೂತು ಮುಖವನ್ನು ಬಿಸಿಲಿಗೆ ಕೊಟ್ಟಿದ್ದರು. ಕೇಳದಿದ್ದರೆ ನನಗೂ ಒಳ್ಳೆಯದೇ ಎಂದುಕೊಂಡೆ. ಆದರೆ ಸ್ವಲ್ಪ ಹೊತ್ತಾದ ಮೇಲೆ ನಾನೇ, "ಖಾಡಿಯ ನೀರಲ್ಲಿ ಒಂದು ಹಾಯಿದೋಣಿ ಹೋಗ್ತಿದೆ" ಎಂದೆ.

"ಹೌದಾ? ಹಾಯಿ ಯಾವ ಬಣ್ಣ?"

"ಕಾವಿ."

"ಎಷ್ಟು ದೂರ?"

"ಆ ದಡದ ಹತ್ತಿರ."

ದೋಣಿ ಇದ್ದದ್ದು ನಿಜ. ಮೋಟಾರ್ ದೋಣಿ. ಹಾಯಿ ಇರಲಿಲ್ಲ, ಆದರೆ ಕಾವಿ ಬಣ್ಣದ ತಾಡಪಾಲು ಹೊದಿಸಿದ್ದರು. ದೂರದಿಂದ ಎರಡೂ ಒಂದೇ.

ಬಾಬಾ ಬೆರಳಿನಿಂದ ಗಾಳಿಯಲ್ಲಿ ಹಾಯಿಯ ಗೆರೆ ಎಳೆದರು. ಮೊದಲು ಕಂಬ, ಆಮೇಲೆ ಗಾಳಿ ತುಂಬಿದ ಹೊಟ್ಟೆ. ಮೂವತ್ತು ವರ್ಷ ಎಳೆದ ಗೆರೆ, ಒಂದಿಷ್ಟೂ ನಡುಗಲಿಲ್ಲ.

ಊಟಕ್ಕೆ ಮುಂಚೆ ಖಾನಾವಳಿಯವಳ ಹತ್ತಿರ ಮಂಜುಗಡ್ಡೆ ಕೇಳಿ ತಂದು ಒಂದು ಚೂರು ಅವರ ಬಾಯಿಗೆ ಹಾಕಿದೆ. ನಿಧಾನವಾಗಿ ಕರಗುತ್ತದೆ, ನೀರಿಗಿಂತ ಹೆಚ್ಚು ಹೊತ್ತು ಬಾಯಿ ತಂಪಿರುತ್ತದೆ. ಇದನ್ನು ರತ್ನಾಗಿರಿಯಲ್ಲಿ ಪಕ್ಕದ ಹಾಸಿಗೆಯಾತ ಹೇಳಿಕೊಟ್ಟಿದ್ದ.

ಡಿಸೆಂಬರ್ 8, ಭಾನುವಾರ. ಊರು

ನಿನ್ನೆ ಬಂದು ತಲುಪಿದೆವು. ನಾನು ಈ ಊರಿಗೆ ಬಂದದ್ದು ಚಿಕ್ಕವನಿದ್ದಾಗ ಎರಡು ಸಲ, ಗಣಪತಿ ಹಬ್ಬಕ್ಕೆ. ನಮ್ಮ ಮನೆ ಇದ್ದ ಜಾಗದಲ್ಲಿ ಈಗ ಬೇರೆಯವರ ಗೇರುಗಿಡಗಳಿವೆ. ಗುರವ ಸೋನುಕಾಕಾ ತಮ್ಮ ಪಡಸಾಲೆಯಲ್ಲಿ ಚಾಪೆ ಹಾಸಿಕೊಟ್ಟರು. ರವಳನಾಥನ ಪೂಜೆ, ಕೌಲ ಹಚ್ಚುವುದು ಎಲ್ಲ ಅವರದೇ. ಬಾಬಾರೂ ಅವರೂ ಒಂದೇ ಬೆಂಚಿನಲ್ಲಿ ಕೂತು ಓದಿದವರು.

"ಏನೋ ವಿಶ್ರಾಮ, ಬಣ್ಣ ಬಳಿದೂ ಬಳಿದೂ ಕಣ್ಣೇ ಕಳ್ಕೊಂಡ್ಯಾ?"

"ನೀನು ದೇವರ ಹೆಸರಲ್ಲಿ ಸುಳ್ಳು ಹೇಳೀ ಹೇಳೀ ಹೊಟ್ಟೆ ಬೆಳೆಸಿದ್ದೀಯಂತೆ. ಅದು ಕಾಣಬಾರದು ಅಂತ ನಾನೇ ಕಣ್ಣು ತೆಗೆಸಿದೆ."

ಇಬ್ಬರೂ ಹೀಗೇ. ಆದರೆ ಇವತ್ತು ಪೂಜೆಗೆ ಬಂದವರೆಲ್ಲ ಹೋದ ಮೇಲೆ ಬಾಬಾ ತಮಾಷೆ ಬಿಟ್ಟರು. "ಸೋನು, ಎಸಳು ಹಚ್ಚೋದು ನೀನು. ಬಿದ್ದ ಮೇಲೆ ನೀನು ಬಾಯಿ ತೆಗೀಬಾರದು. ನನ್ನನ್ನ ನೋಡಿದ್ರೆ ನಿನಗೆ ಅಯ್ಯೋ ಅನ್ನಿಸ್ತದೆ, ಏನೋ ಒಂದು ಹೇಳಿಬಿಡ್ತೀಯ. ಹುಡುಗ ಹೇಳಲಿ. ಅವನಿಗೆ ಹಾಗೆಲ್ಲ ಅನ್ನಿಸಲ್ಲ."

ಸೋನುಕಾಕಾ ನನ್ನನ್ನು ನೋಡಿದರು. "ಸರಿ" ಎಂದರು.

ಗರ್ಭಗುಡಿಯ ಹೊಸ್ತಿಲ ಹೊರಗೆ ಬಾಬಾ ಕಂಬಕ್ಕೆ ಒರಗಿ ಕೂತರು. ನಾನು ಅವರ ಪಕ್ಕದಲ್ಲಿ ನಿಂತೆ. ಕಪ್ಪು ಕಲ್ಲಿನ ದೇವರು. ಸೋನುಕಾಕಾ ದಾಸವಾಳದ ಎರಡು ಎಸಳನ್ನು ನೀರಿನಲ್ಲಿ ಅದ್ದಿ ಎರಡು ಭುಜಕ್ಕೆ ಅಂಟಿಸಿ, ಪಕ್ಕಕ್ಕೆ ಸರಿದು ಕೈಮುಗಿದರು.

"ದೇವಾ ರವಳನಾಥಾ, ಹೊಟ್ಟೆಪಾಡಿಗೆ ಮುಂಬಯಿಗೆ ಹೋದ ನಿನ್ನ ಮಗು ವಿಶ್ರಾಮ ತಾವಡೆ ಇವತ್ತು ನಿನ್ನ ಬಾಗಿಲಿಗೆ ಬಂದಿದ್ದಾನೆ. ಅವನ ಮೈ ಸೋತಿದೆ ಮಹಾರಾಜಾ."

ಇಂಥಲ್ಲಿ ಸುತ್ತ ನಿಂತವರು 'ಹೋಯ್ ಮಹಾರಾಜಾ' ಅನ್ನಬೇಕು. ಬೇರೆ ಯಾರೂ ಇರಲಿಲ್ಲ, ನಾನೇ ಅಂದೆ.

"ಅವನ ಮಗ ದಿಗಂಬರ ತನ್ನ ಮೈಯೊಳಗಿಂದು ತೆಗೆದು ಕೊಡ್ತೀನಿ ಅಂತಾನೆ. ತಗೊಂಡ್ರೆ ನಡೀತದೆ ಅಂದ್ರೆ ಬಲದ್ದು ಕೊಡು. ಬೇಡ ಅಂದ್ರೆ ಎಡದ್ದು ಕೊಡು. ಲೇಕರುಗಳನ್ನ, ನಿನ್ನ ಮಕ್ಕಳನ್ನ, ಸಂಶಯದಲ್ಲಿ ಇಡಬೇಡ ಮಹಾರಾಜಾ."

"ಹೋಯ್ ಮಹಾರಾಜಾ."

ದೀಪ ಉರಿಯುತ್ತಿತ್ತು. ಎಸಳುಗಳು ಕದಲಲಿಲ್ಲ. ಬಾಬಾ ನನ್ನ ಪ್ಯಾಂಟಿನ ಬಟ್ಟೆ ಹಿಡಿದುಕೊಂಡಿದ್ದರು. ಆಗ ನನಗೆ ಒಂದು ವಿಷಯ ಗೊತ್ತಾಯಿತು, ಅದನ್ನು ಬರೆಯಲೇಬೇಕು. ನನಗೆ ಭಯವಾಗುತ್ತಿತ್ತು. ಎಡದ್ದು ಬೀಳಲಿ ಎಂದು ನನ್ನೊಳಗೆ ಯಾವುದೋ ಮೂಲೆ ಕೇಳಿಕೊಳ್ಳುತ್ತಿತ್ತು. ಇಷ್ಟು ದಿನ ಕೊಡುತ್ತೇನೆ, ಕೊಡುತ್ತೇನೆ ಎಂದು ಹಟ ಹಿಡಿದದ್ದು ನಾನೇ.

ಒಂದು ಎಸಳು ಜಾರಿತು. ಬಲದ್ದು.

"ಝಿಲಾ?" ಎಂದರು ಬಾಬಾ. ಊರಿನ ಮಾತಿನಲ್ಲಿ ಮಗನನ್ನು ಹಾಗೆ ಕರೆಯುತ್ತಾರೆ. ಮುಂಬಯಿಯಲ್ಲಿ ಎಂದೂ ಕರೆದಿರಲಿಲ್ಲ.

"ಬಲದ್ದು ಬಿತ್ತು ಬಾಬಾ."

ಸೋನುಕಾಕಾ ನನ್ನನ್ನು ಒಮ್ಮೆ ನೋಡಿದರು. ಕೊನೆಯ 'ಹೋಯ್ ಮಹಾರಾಜಾ' ಅನ್ನಲಿಲ್ಲ. ಬಾಗಿ ಎಸಳನ್ನು ಎತ್ತಿಕೊಂಡು ತಟ್ಟೆ ಒರೆಸುತ್ತಾ ನಿಂತರು. ಮಾತಾಡಬೇಡ ಅಂದದ್ದಕ್ಕೆ ಬೇಸರವಾಗಿರಬೇಕು.

ಬಾಬಾ ಬಹಳ ಹೊತ್ತು ಎದ್ದೇಳಲಿಲ್ಲ. ಅವರ ಕೈ ಮಾತ್ರ ನನ್ನ ಬಟ್ಟೆ ಬಿಟ್ಟಿತು.

ಡಿಸೆಂಬರ್ 9, ಸೋಮವಾರ. ಕುಡಾಳ

ಡಯಾಲಿಸಿಸ್. ಇವತ್ತಿನ ನರ್ಸಮ್ಮ ಪಥ್ಯದ ಬಗ್ಗೆ ಕೇಳಲಿಲ್ಲ, ನಾನು ಹೇಳಲಿಲ್ಲ.

ಸೂಜಿ ಚುಚ್ಚಿದ ಮೇಲೆ ಸೋನುಕಾಕಾ ಫೋನ್ ಬಂತು. ಬಾಬಾ ಫೋನನ್ನು ಕಿವಿಗೆ ಒತ್ತಿಕೊಂಡು ಹೂಂ, ಹೂಂ ಎನ್ನುತ್ತಿದ್ದರು. ಕೊನೆಗೆ ಏನೋ ಮೆಲ್ಲಗೆ ಹೇಳಿ ಇಟ್ಟರು. ಏನಂತೆ ಎಂದು ಕೇಳಿದೆ. "ಟವೆಲ್ ಅಲ್ಲೇ ಬಿಟ್ಟು ಬಂದಿದ್ದೀವಂತೆ" ಎಂದರು. ಟವೆಲ್ ಅವರ ಹೆಗಲ ಮೇಲೇ ಇತ್ತು. ಇನ್ನೊಂದು ಇದ್ದಿರಬಹುದು.

ಬುಧವಾರ ಮಾಲ್ವಣದ ಸಿಂಧುದುರ್ಗ ನೋಡಿಕೊಂಡು ಮನೆಗೆ. ಅವರು ಎಲ್ಲಕ್ಕಿಂತ ಹೆಚ್ಚು ಬರೆದದ್ದು ಆ ಕೋಟೆಯನ್ನೇ.

ಡಿಸೆಂಬರ್ 10, ಮಂಗಳವಾರ. ಮಾಲ್ವಣದ ದಾರಿ

ಮಧ್ಯಾಹ್ನ ಬಾಬಾ ವ್ಯಾನಿನ ಹಿಂದಿನ ಸೀಟಿನಲ್ಲಿ ಮಲಗಿದ್ದರು. ಡಯಾಲಿಸಿಸ್‌ನ ಮರುದಿನ ಹಾಗೇ. ರಸ್ತೆ ಪಕ್ಕದ ಒಂದು ಚಿಕ್ಕ ದೇವಿಯ ಗುಡಿಯ ಮುಂದೆ ಮಾವಿನ ನೆರಳಿತ್ತು, ಅಲ್ಲಿ ನಿಲ್ಲಿಸಿದೆ. ಕೈಕಾಲು ತೊಳೆಯಲು ಒಳಗೆ ಹೋದರೆ ಒಂದು ಕುಟುಂಬ ಕೌಲ ಕೇಳುತ್ತಿತ್ತು. ಹಡಗಿನ ಕೆಲಸದ ಹುಡುಗನಿಗೆ ಮಗಳನ್ನು ಕೊಡಬಹುದೇ ಎಂದು. ಹುಡುಗಿ ಕಂಬದ ಹಿಂದೆ ಉಗುರು ಕಚ್ಚುತ್ತಾ ನಿಂತಿದ್ದಳು.

ಎಡಗಡೆಯ ಎಸಳು ಬಿತ್ತು. ಪಾಪ ಎಂದುಕೊಂಡೆ. ಅಷ್ಟರಲ್ಲಿ ಎಲ್ಲರೂ ಒಟ್ಟಿಗೆ ಹೋಯ್ ಮಹಾರಾಜಾ ಎಂದರು. ತಾಯಿ ಹುಡುಗಿಯ ಕೆನ್ನೆ ಸವರಿದಳು, ಯಾರೋ ಬೆಲ್ಲ ಹಂಚಿದರು.

ನನ್ನ ಕೈಗೂ ಬೆಲ್ಲ ಹಾಕಿದ ಅಜ್ಜನನ್ನು ಕೇಳಿದೆ. "ಎಡದ್ದಲ್ವಾ ಬಿದ್ದದ್ದು?"

"ನಿನ್ನ ಎಡ. ದೇವಿಯ ಬಲ."

"ಅಂದ್ರೆ?"

"ಅವಳು ನಮ್ಮ ಕಡೆ ಮುಖ ಮಾಡಿ ಕೂತಿಲ್ವೇನೋ? ಹೇಳೋದು ಅವಳು. ಅವಳ ಬಲಗೈ ಯಾವ ಕಡೆ ಇದೆ ನೋಡು." ನನ್ನನ್ನು ಮೇಲಿನಿಂದ ಕೆಳಗೆ ನೋಡಿ, "ಮುಂಬಯಿಯವನಾ?" ಎಂದ.

"ಹೌದು."

"ಗೊತ್ತಾಯ್ತು ಬಿಡು. ನಿಮ್ಮವರು ಆರತಿ ತಗೊಳ್ಳೋವಾಗಲೂ ಫೋನಿನಲ್ಲಿ ಮುಖ ನೋಡ್ಕೊಂಡಿರ್ತಾರೆ."

ಹೊರಗೆ ಬಂದು ಕಟ್ಟೆಯ ಮೇಲೆ ಕೂತೆ. ಬೆಲ್ಲ ಕೈಯಲ್ಲೇ ಅಂಟಿತು.

ರವಳನಾಥ ಬೇಡ ಎಂದಿದ್ದ. ನಾನು ನೋಡಿದ್ದನ್ನೇ ಹೇಳಿದ್ದೆ, ಆದರೂ ಹೇಳಿದ್ದು ತಪ್ಪು. ಈಗ ವ್ಯಾನಿನ ಬಾಗಿಲು ತೆಗೆದು, ಬಾಬಾ, ನನಗೆ ಗೊತ್ತಿರಲಿಲ್ಲ, ಬಿದ್ದದ್ದು ದೇವರ ಎಡಗಡೆಯದು ಎಂದರೆ ಮುಗಿಯಿತು. ಅವರು ಸರಿ ಎನ್ನುತ್ತಾರೆ. ನನ್ನ ಹೊಟ್ಟೆ ಯಾರೂ ಕೊಯ್ಯುವುದಿಲ್ಲ. ಸತ್ಯ ಹೇಳಿದರೆ ನನಗೇ ಲಾಭ. ಹಿಂದೆ ಯಾವತ್ತೂ ಹೀಗಾಗಿರಲಿಲ್ಲ. ಯಾವಾಗಲೂ ಸತ್ಯ ಹೇಳಿ ನಾನು ಏನಾದರೂ ಕಳೆದುಕೊಳ್ಳುತ್ತಿದ್ದೆ, ಆದ್ದರಿಂದ ಹೇಳುವುದು ಸುಲಭವಾಗಿತ್ತು.

ಬಾಗಿಲು ತೆಗೆದೆ. ಬಾಬಾ ಎಚ್ಚರಗೊಂಡರು. ತುಟಿ ಒಡೆದಿತ್ತು.

"ಎಲ್ಲಿದ್ದೀವಿ?"

"ಮಾವಿನ ಮರದ ಕೆಳಗೆ."

"ಕತ್ತಿ ಸದ್ದು ಕೇಳ್ತಿದೆ. ಎಳನೀರಾ?"

"ಹೌದು, ರಸ್ತೆ ಆಚೆ."

"ಆಪರೇಶನ್ ಆದ್ಮೇಲೆ ಒಂದು ಇಡೀ ಎಳನೀರು ಕುಡೀಬಹುದಾ? ಡಾಕ್ಟರನ್ನ ಕೇಳಬೇಕು. ಒಂದು ಸಾಕು. ಗಂಜಿ ಇರೋದು. ಚಮಚ ಬೇಡ, ಅದರದೇ ಸಿಪ್ಪೆಯಲ್ಲಿ ಕೆರೆದು ತಿನ್ನೋದು."

ಬದುಕಬೇಕು ಎನ್ನುವ ಮಾತು ಅವರ ಬಾಯಲ್ಲಿ ಇದೇ ಮೊದಲು ಕೇಳಿದ್ದು.

"ಕೇಳೋಣ" ಎಂದೆ.

ನಾಳೆ ಹೇಳುತ್ತೇನೆ.

ಡಿಸೆಂಬರ್ 11, ಬುಧವಾರ. ಮಾಲ್ವಣ

ದೋಣಿಯಲ್ಲಿ ಬಾಬಾರನ್ನು ನಡುವೆ ಕೂರಿಸಿದರು. ಕೋಟೆ ಹತ್ತಿರವಾದಂತೆ ಅವರು ಮುಂದಕ್ಕೆ ಬಾಗಿದರು.

"ಹೇಳು."

ಹೇಳಿದೆ. ಗೋಡೆ ಹಾವಿನ ಹಾಗೆ ತಿರುವಿಕೊಂಡು ಹೋಗಿದೆ ಎಂದೆ. ಅದು ನಿಜ. ಬುರುಜಿನ ಮೇಲೆ ಕೇಸರಿ ಬಾವುಟ ಇದೆ ಎಂದೆ, ಗಾಳಿಗೆ ಪಟಪಟ ಹೊಡೆಯುತ್ತಿದೆ ಎಂದೆ. ಬಾಗಿಲು ಎದುರಿಗೇ ಇದೆ, ದೊಡ್ಡದು, ಆನೆ ಹೋಗಬಹುದು ಎಂದೆ. ಬಲಕ್ಕೆ ಎರಡು ಹಾಯಿದೋಣಿಗಳು. ಅವುಗಳ ಮುಂದೆ ಡಾಲ್ಫಿನ್ ಮೀನು ಮೇಲೆ ಹಾರಿ ಬಿತ್ತು, ಈಗ ಇನ್ನೊಂದು.

ದೋಣಿಯವನು ಹುಟ್ಟು ನಿಲ್ಲಿಸಿ ನನ್ನನ್ನು ನೋಡಿದ. ನಾನು ಹೇಳಬೇಡ ಎಂಬಂತೆ ತಲೆ ಅಲ್ಲಾಡಿಸಿದೆ. ಅವನು ಮತ್ತೆ ಹುಟ್ಟು ಹಾಕಿದ.

ಒಳಗೆ ಹೋದ ಮೇಲೆ ಬಾಬಾ, "ಎರಡು ಕವಲಿನ ತೆಂಗಿನ ಮರ?" ಎಂದರು. ಹೋಟೆಲ್ ಗೋಡೆಯ ಪ್ರತಿ ಚಿತ್ರದಲ್ಲೂ ಅವರು ಆ ಮರ ಬರೆಯುತ್ತಿದ್ದರು. ಸಿಡಿಲು ಬಡಿದು ಒಂದು ಕವಲು ಹೋಯಿತು ಎಂದು ದೋಣಿಯವನು ಆಗಷ್ಟೇ ಹೇಳಿದ್ದ, ನನ್ನ ಕಿವಿಯಲ್ಲಿ.

"ಇದೆ. ಎರಡೂ ಕವಲು ಇವೆ. ಒಂದು ಸ್ವಲ್ಪ ಎತ್ತರ."

"ಎಡಗಡೆಯದು?"

"ಹೌದು, ಎಡಗಡೆಯದು."

"ಹಾಗೇ ಬರೀತಿದ್ದೆ ನಾನು" ಎಂದರು. ನಕ್ಕರು. ಆ ನಗು ಬಹಳ ಹೊತ್ತು ಮುಖದ ಮೇಲೆ ಉಳಿಯಿತು.

ಗೋಡೆಯ ನೆರಳಿನಲ್ಲಿ ಕೂತೆವು. ಹೊರಗೆ ತೆರೆ ಹೊಡೆಯುವುದು ಕಲ್ಲಿನ ಮೂಲಕ ಬೆನ್ನಿಗೆ ತಾಗುತ್ತಿತ್ತು. ಬಾಬಾ ಕೇಳಿದರು.

"ಝಿಲಾ, ಅವತ್ತು ಬಿದ್ದದ್ದು ಬಲದ್ದೇ ತಾನೆ?"

"ಬಲದ್ದೇ."

"ದೇವರ ಬಲ?"

"ದೇವರ ಬಲ."

ಅವರು ನನ್ನ ಮುಖದ ಕಡೆ ತಿರುಗಿದರು. ಕಾಣುವುದಿಲ್ಲ, ಆದರೂ ನಾನು ಕಣ್ಣು ತಗ್ಗಿಸಿದೆ. ಆಮೇಲೆ ನನ್ನ ತಲೆಯ ಮೇಲೆ ಕೈಯಿಟ್ಟು, ಕೂದಲು ಬೆಳೆದಿದೆ, ಕತ್ತರಿಸಿಕೋ ಎಂದರು.

ಸಂಜೆ ಆಯಿಗೆ ಅವರೇ ಫೋನ್ ಮಾಡಿ, "ಆಸ್ಪತ್ರೆಗೆ ಹೇಳಿಬಿಡು, ನಾನು ತಯಾರು" ಎಂದರು. ನಾನು ಹೊರಗೆ ಸೂರ್ಯ ಮುಳುಗುವುದನ್ನು ನೋಡುತ್ತಿದ್ದೆ. ಒಳಗೆ ಬಾಬಾ ಇನ್ನೂ ಯಾರಿಗೋ ಫೋನ್ ಮಾಡಿ ಮಾತಾಡುತ್ತಿದ್ದರು.

ರಾತ್ರಿಯ ಊಟಕ್ಕೆ ಬಂಗಡೆ ಸಾರು ಇತ್ತು. ಬಾಬಾಗೆ ಬರೀ ಅನ್ನ, ಬೇಯಿಸಿದ ಸೋರೆಕಾಯಿ. ನಾನೂ ಅದನ್ನೇ ತಿಂದೆ.

ಡಿಸೆಂಬರ್ 13, ಶುಕ್ರವಾರ. ಹೆದ್ದಾರಿ

ನಿನ್ನೆ ಕುಡಾಳದಲ್ಲಿ ಮತ್ತೊಂದು ಡಯಾಲಿಸಿಸ್ ಆಯಿತು. ಈ ಸಲ ನೇರ ದಾರಿ. ಬಾಬಾ ಉದ್ದಕ್ಕೂ ಮಾತಾಡಿದರು. ಕಣ್ಣು ಬರದಿದ್ದರೂ ಪರವಾಗಿಲ್ಲ, ಬಣ್ಣ ಕಲಸಲು ನನಗೆ ಹೇಳಿಕೊಡುತ್ತಾರಂತೆ. ನಾನು ಬರೆಯಬೇಕಂತೆ.

"ಜಂಜಿರಾಕ್ಕೆ ಬಾಗಿಲು ಬರೀಲೋ ಬೇಡ್ವೋ?" ಎಂದೆ.

"ಊಟಕ್ಕೆ ಬಂದವರು ನೋಡೋದು. ಬರಿ."

ಜನವರಿ 15, ಬುಧವಾರ. ಆಸ್ಪತ್ರೆ

ನಾಳೆ. ಇವತ್ತು ಡಾಕ್ಟರು ನನ್ನನ್ನು ಒಬ್ಬನೇ ಕೂರಿಸಿಕೊಂಡು, ಮನಸ್ಸಿನಿಂದ ಕೊಡ್ತಿದ್ದೀಯಾ, ಯಾರಾದರೂ ಒತ್ತಾಯ ಮಾಡಿದ್ದಾರಾ ಎಂದು ಕೇಳಿದರು. ಮನಸ್ಸಿನಿಂದ ಎಂದೆ. ಹೆದರಿಕೆ ಇದೆಯಾ ಎಂದರು. ಇದೆ ಎಂದೆ.

ನನ್ನ ಎಡಗಡೆಯದನ್ನು ತೆಗೆಯುತ್ತಾರಂತೆ.

ಜನವರಿ 24, ಶುಕ್ರವಾರ

ಕಿಡ್ನಿ ಕೆಲಸ ಮಾಡುತ್ತಿದೆ. ಬಾಬಾ ಇವತ್ತು ಗಾಜಿನ ಆಚೆಯಿಂದ ಲೋಟ ಎತ್ತಿ ನಮಗೆ ತೋರಿಸಿ ನೀರು ಕುಡಿದರು. ಇಡೀ ಲೋಟ. ಆಯಿ ನನ್ನ ಕೈ ಹಿಡಿದುಕೊಂಡು, "ರವಳನಾಥ ಬಲ ಕೊಟ್ಟಿದ್ದ, ನೋಡು" ಎಂದಳು.

ಫೆಬ್ರವರಿ 1, ಶನಿವಾರ

ಜ್ವರ. ಒಳಗೆ ನಂಜಾಗಿದೆ ಎನ್ನುತ್ತಾರೆ. ಹೀಗೂ ಆಗುವುದುಂಟು ಎಂದು ಮೊದಲೇ ಹೇಳಿದ್ದರು.

ಫೆಬ್ರವರಿ 5, ಬುಧವಾರ

ಬೆಳಗ್ಗೆ ಬಾಬಾ ಹೋದರು.

ಫೆಬ್ರವರಿ 23, ಭಾನುವಾರ. ಊರು

ಸೂತಕ ಕಳೆಯಿತು. ಆಯಿಯನ್ನು ಕರೆದುಕೊಂಡು ಬಂದೆ, ಕರಾವಳಿಯ ದಾರಿಯಲ್ಲೇ. ರಾಜಪುರಿಯಲ್ಲಿ ನಿಲ್ಲಿಸಿ, ಅಲ್ಲಿ ಬಾಗಿಲಿದೆ, ಇಲ್ಲಿಂದ ಕಾಣುವುದಿಲ್ಲ ಅಷ್ಟೇ ಎಂದು ತೋರಿಸಿದೆ. ಅವಳು ಕೋಟೆಯನ್ನು ನೋಡದೆ, "ಅವರು ಎಲ್ಲಿ ಕೂತಿದ್ರು?" ಎಂದಳು. ಬುಟ್ಟಿ ಇರಲಿಲ್ಲ. ಜಾಗ ತೋರಿಸಿದೆ. ಅಲ್ಲಿ ಸ್ವಲ್ಪ ಹೊತ್ತು ನಿಂತಳು.

ಮನೆಯಲ್ಲಿ ಅವಳು ದೀಪ ಹಚ್ಚುವುದನ್ನು ಬಿಟ್ಟಿದ್ದಾಳೆ. ಇಲ್ಲಿಯೂ ಗುಡಿಯ ಒಳಗೆ ಬರಲಿಲ್ಲ, ಅಂಗಳದ ತುಳಸಿಕಟ್ಟೆಯ ಹತ್ತಿರ ಕೂತಳು.

ಸೋನುಕಾಕಾ ನನ್ನನ್ನು ಕಂಬದ ಹತ್ತಿರ ಕರೆದರು. ಬಾಬಾ ಒರಗಿ ಕೂತಿದ್ದ ಕಂಬ.

"ನಿನಗೆ ಹೇಳೋದೋ ಬೇಡವೋ ಅಂತ ಇದ್ದೆ. ಅವತ್ತು ಬಿದ್ದದ್ದು ಎಡದ್ದು."

"ಗೊತ್ತು ಕಾಕಾ."

"ನಿನಗೆ ಗೊತ್ತು ಅಂತ ವಿಶ್ರಾಮನೂ ಹೇಳಿದ್ದ."

ನಾನು ಅವರನ್ನೇ ನೋಡಿದೆ.

"ಮರುದಿನ ನನಗೆ ಅನ್ನ ಇಳೀಲಿಲ್ಲ ಮಗಾ, ಫೋನ್ ಮಾಡಿದೆ. ವಿಶ್ರಾಮ, ಹುಡುಗ ತನ್ನ ಬಲ ನೋಡ್ಕೊಂಡು ಹೇಳಿದ್ದಾನೆ, ದೇವರ ಬಲ ಅಲ್ಲ ಅಂದೆ. ಅದಕ್ಕೆ ಅವನು, ಇರಲಿ, ತಪ್ಪು ಅಂತ ಗೊತ್ತಾದ ದಿನ ಅವನು ಹೇಳದೆ ಬಿಡೋನಲ್ಲ, ಅಲ್ಲಿವರೆಗೆ ನಾನೊಂದಿಷ್ಟು ಬದುಕೋ ಆಸೆ ಪಡ್ತೀನಿ ಸೋನು, ಅಂದ." ಸೋನುಕಾಕಾ ಹೆಗಲ ಬಟ್ಟೆಯಿಂದ ಮೂಗು ಒರೆಸಿಕೊಂಡರು. "ಮಾಲ್ವಣದಿಂದ ಮತ್ತೆ ಅವನೇ ಫೋನ್ ಮಾಡಿದ. ಹುಡುಗನಿಗೆ ಗೊತ್ತಾಗಿದೆ ಕಣೋ, ಆದರೂ ದೇವರ ಬಲ ಅಂದ, ಅಂತ ಹೇಳಿದ. ನಿನಗೆ ಹೇಗೆ ಗೊತ್ತು ಅಂತ ನಾನು ಕೇಳಿದ್ರೆ, ಕೋಟೆ ಪೂರ್ತಿ ನಾನು ಬರೆದ ಹಾಗೇ ಹೇಳಿದ, ಒಂದು ಗೆರೆ ಬಿಡಲಿಲ್ಲ, ಅಂದ. ಶಾಲೆ ಬಿಟ್ಟಾಗಲೂ ಸುಳ್ಳು ಹೇಳದೋನು ನನಗೋಸ್ಕರ ಹೇಳಿದ್ದಾನೆ, ಅದನ್ನ ಬೇಡ ಅನ್ನೋದು ಹ್ಯಾಗೆ ಅಂದ."

ಆಮೇಲೆ ಅವರು ಗಂಧ ತೇಯಲು ಹೋದರು.

ಗರ್ಭಗುಡಿಯ ಹೊಸ್ತಿಲ ಮುಂದೆ ಒಬ್ಬನೇ ನಿಂತೆ. ಕಪ್ಪು ಕಲ್ಲು, ಎರಡು ಭುಜ. ದೇವರು ಹೇಳಿದ್ದು ಸರಿಯಾಗಿತ್ತೋ, ಡಾಕ್ಟರು ಹೇಳಿದಂತೆ ಹೀಗೂ ಆಗುವುದುಂಟೋ, ನನಗೆ ಗೊತ್ತಿಲ್ಲ. ಗೊತ್ತಿದೆ ಎಂದು ಬರೆಯುವುದಿಲ್ಲ. ಒಂದು ಲೋಟ ನೀರು ಕುಡಿದರು. ಎಳನೀರು ಕುಡಿಯಲಿಲ್ಲ.

ಆಮೇಲೆ ದೇವರಿಗೆ ಬೆನ್ನು ಮಾಡಿ ನಿಂತೆ, ಅವನು ನಿಂತ ಹಾಗೆ, ಅವನು ನೋಡುವ ಕಡೆಗೆ. ಎಡಗೈ ಎತ್ತಿದೆ. ಎಸಳು ಬಿದ್ದ ಕಡೆ. ಹೊಲಿಗೆ ಚುರುಕ್ಕೆಂದಿತು.

ಏನು ಕಾಣ್ತದೆ ಎಂದು ಯಾರೂ ಕೇಳಲಿಲ್ಲ. ಆದರೂ ಮೆಲ್ಲಗೆ ಹೇಳಿದೆ.

"ಬಾಗಿಲು, ಬಾಬಾ. ಅದರಾಚೆ ಅಂಗಳ. ಬಿಸಿಲು ಜೋರಾಗಿದೆ. ಆಯಿ ಕಟ್ಟೆ ಮೇಲೆ ಕೂತಿದ್ದಾಳೆ, ಈ ಕಡೆ ನೋಡ್ತಿಲ್ಲ. ಸಮುದ್ರ ಇಲ್ಲಿಂದ ಕಾಣಲ್ಲ. ಕಂಬ ಇದೆ. ಕಂಬದ ಹತ್ತಿರ ಯಾರೂ ಇಲ್ಲ."